ಬಿಸಿನೀರಮ್ಮನ ಹೆಸರು ಕೊರೆದ ಉಳಿಯಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಾಲಿನ ಗಾಡಿ ಆಗಷ್ಟೇ ಬೀದಿ ದಾಟಿ ಹೋಗಿದೆ. ಉದ್ಯಾನದ ಕಬ್ಬಿಣದ ಗೇಟು ಅರ್ಧ ತೆರೆದಿದೆ. ಅದರ ಎಡಕ್ಕಿರುವ ಕಲ್ಲಿನ ಗೋಡೆಯ ಮುಂದೆ, ಗಿಡ್ಡ ಸ್ಟೂಲಿನ ಮೇಲೆ ಗೋಣಿತಟ್ಟು ಮಡಚಿ ಹಾಕಿಕೊಂಡು ಹೆಂಗಸೊಬ್ಬರು ಕೂತಿದ್ದಾರೆ. ತಲೆಗೊಂದು ಬಟ್ಟೆ, ಮೂಗು ಬಾಯಿ ಮುಚ್ಚುವಂತೆ ಇನ್ನೊಂದು ಬಟ್ಟೆ. ಕೈಯಲ್ಲಿ ಉಳಿ ಇದೆ, ಸುತ್ತಿಗೆ ಇದೆ, ಆದರೆ ಕೆಲಸ ಶುರುವಾಗಿಲ್ಲ. ಅವರು ಬಿಸಿಲಿಗೆ ಕಾಯುತ್ತಿದ್ದಾರೆ.

ಎದುರಿನ ಅಂಗಡಿಸಾಲಿನ ಸಂದಿಯಿಂದ ಮೊದಲ ಬಿಸಿಲು ಓರೆಯಾಗಿ ಬಂದು ಕಲ್ಲಿಗೆ ಬೀಳುತ್ತದೆ. ಅಲ್ಲಿಯವರೆಗೆ ಸಪಾಟಾಗಿ ಕಾಣುತ್ತಿದ್ದ ಕಲ್ಲಿನಲ್ಲಿ ಒಂದೊಂದು ತಗ್ಗು, ಒಂದೊಂದು ದಿಣ್ಣೆ ನೆರಳು ಹೊತ್ತು ಎದ್ದು ನಿಲ್ಲುತ್ತದೆ. ಈಗ ಸುತ್ತಿಗೆ ಏಳುತ್ತದೆ. ಪೆಟ್ಟು ದೊಡ್ಡದಲ್ಲ, ಬಾಗಿಲು ತಟ್ಟಿದಷ್ಟೇ. "ಈ ಹೊತ್ತಲ್ಲಿ ಮಾತ್ರ ಕಲ್ಲು ನಿಜ ಹೇಳುತ್ತೆ. ಬಿಸಿಲು ನೆತ್ತಿಗೆ ಬಂದ ಮೇಲೆ ಕೇಳಿದ್ರೆ, ಎಲ್ಲಾ ಚೆನ್ನಾಗಿದೆ ಬಿಡು ಅಂತ ಸುಳ್ಳು ಹೇಳುತ್ತೆ" ಎನ್ನುತ್ತಾರೆ ಅವರು, ತಲೆ ಎತ್ತದೆ. ಉಳಿಯ ಮೊನೆ 'ದ್ಯಾ' ಅಕ್ಷರದ ಕೆಳಗಿನ ಒತ್ತಿನ ಬಾಲದಲ್ಲಿ ಇಂಚಿಂಚೇ ಸರಿಯುತ್ತಿದೆ.

ಮಾರು ದೂರದಲ್ಲಿ, ಗೋಡೆಯ ಮರೆಯಲ್ಲಿ, ಹಳೆಯ ಡಬ್ಬದಲ್ಲಿ ಮಾಡಿದ ಪುಟ್ಟ ಕುಲುಮೆ ಉರಿಯುತ್ತಿದೆ. ಅದರ ಮುಂದೆ ಕುರ್ಚಿಯಲ್ಲಿ ಕೂತಿರುವ ಮುದುಕರು ಅವರ ಅಪ್ಪ. ಮೊಂಡಾದ ಉಳಿಯನ್ನು ಕೆಂಡದಲ್ಲಿಟ್ಟು, ಕೆಂಪಾದ ಮೇಲೆ ಬಡಿದು, ನೀರಲ್ಲಿ ಅದ್ದಿ ಹದ ಕೊಡುವುದು ಅವರ ಕೆಲಸ. ಕೈ ನಡುಗುತ್ತದೆ. ಆದರೆ ಇಕ್ಕಳ ಹಿಡಿದಾಗ ಆ ನಡುಕ ಅದೆಲ್ಲಿ ಹೋಗುತ್ತದೋ ಅವರಿಗೇ ಗೊತ್ತಿಲ್ಲ. ಮಗಳು ಹಿಂದೆ ತಿರುಗದೆ ಕೈ ಚಾಚುತ್ತಾರೆ, ಅಪ್ಪ ಚೂಪಾದ ಉಳಿಯನ್ನು ಆ ಕೈಗಿಡುತ್ತಾರೆ. ಮಾತಿಲ್ಲ, ಕತೆಯಿಲ್ಲ. ಒಂದು ತಿಂಗಳ ಹಿಂದೆ ಇವರಿಬ್ಬರ ನಡುವೆ ಮಾತು ನಿಂತುಹೋಗಿದ್ದು ಬೇರೆಯದೇ ಕಾರಣಕ್ಕೆ.

ಊರಿಗೆಲ್ಲ ಅವರು 'ಉಳಿಯಕ್ಕ'. ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಕಸುಬು. ಸಮಾಧಿಯ ಕಲ್ಲು, ಮನೆಯ ಹೆಸರು, ಶಾಲೆಗೆ ಕೋಣೆ ಕಟ್ಟಿಸಿಕೊಟ್ಟವರ ಹೆಸರು, ಸೇತುವೆಯ ಇಸವಿ, ಹೀಗೆ ಕಲ್ಲಿನ ಮೇಲೆ ಏನು ಬರೆಯಬೇಕಿದ್ದರೂ ಜನ ರೈಲುಗೇಟಿನ ಹಿಂದಿರುವ ಅವರ ತಗಡಿನ ಶೆಡ್ಡಿಗೆ ಬರುತ್ತಾರೆ. ಶೆಡ್ಡಿನ ಹಿಂದೆಯೇ ಎರಡು ಕೋಣೆಯ ಮನೆ. ಹೊಸ್ತಿಲ ಆಚೆ ಕಲ್ಲಿನ ಪುಡಿ, ಈಚೆ ಒರೆಸಿ ಹೊಳೆಯುವ ನೆಲ. ಗಂಡ ಸಾಮಾನು ಸಾಗಿಸುವ ಆಟೋ ಓಡಿಸುತ್ತಾರೆ. ಹೆಂಡತಿಯ ಕಲ್ಲುಗಳಿಗೆ ಅವರದೇ ಸಾರಿಗೆ. "ನನ್ನ ಹೆಂಡ್ತಿ ತೂಕದ ಮನುಷ್ಯಳು" ಎಂದು ಅವರು ಮಾಡುವ ಹಾಸ್ಯ ಆ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ.

ಈ ಕಸುಬನ್ನು ಅಪ್ಪ ಅವರಿಗೆ ಕಲಿಸಲಿಲ್ಲ. ಹೆಣ್ಣುಮಕ್ಕಳು ಕಲ್ಲು ಕುಟ್ಟುವುದುಂಟೇ ಎಂಬುದು ಅವರ ವಾದ. ಕೊರೆದ ಅಕ್ಷರಕ್ಕೆ ಬಣ್ಣ ತುಂಬುವುದಕ್ಕೆ ಮಾತ್ರ ಮಗಳಿಗೆ ಅಪ್ಪಣೆಯಿತ್ತು. ಬಣ್ಣ ತುಂಬುತ್ತಾ ತುಂಬುತ್ತಾ ಅಕ್ಷರದ ಒಳಗಿನ ಇಳಿಜಾರು, ಬಾಗು-ಬಳಸು, ಮೂಲೆ ಎಲ್ಲ ಆಕೆಯ ಬೆರಳಿಗೆ ಗುರುತಾಗಿಬಿಟ್ಟವು. ಅಷ್ಟರಲ್ಲಿ ವರ್ಷಗಟ್ಟಲೆ ಕುಡಿದ ಕಲ್ಲುಪುಡಿ ಅಪ್ಪನ ಎದೆಯಲ್ಲಿ ಮನೆಮಾಡಿತು. ಕೆಮ್ಮು ಶುರುವಾಯಿತು, ಹಿಂದೆಯೇ ಕೈನಡುಕ. ಒಂದು ದಿನ ಮಗು ಕಳೆದುಕೊಂಡ ತಾಯಿಯೊಬ್ಬಳು ಪುಟ್ಟ ಕಲ್ಲೊಂದನ್ನು ಹಿಡಿದು ಬಂದಳು. ಅಪ್ಪನಿಗೆ ಉಳಿ ಎತ್ತಲು ಆಗಲಿಲ್ಲ. ಆಕೆಯನ್ನು ವಾಪಸು ಕಳಿಸುವುದಕ್ಕೂ ಆಗಲಿಲ್ಲ.

"ನಾನೇ ಕೂತೆ. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಾನೂ ಅನ್ನಲಿಲ್ಲ. ಎದ್ದು ಹೊರಗೆ ಹೋದ್ರು. ಮುಗಿದ ಮೇಲೆ ಬಂದು ನೋಡಿ, ಸುತ್ತಿಗೆ ಹಾಗಲ್ಲ ಹಿಡಿಯೋದು ಅಂದ್ರು. ಅದೇ ನನಗೆ ಸಿಕ್ಕ ಸರ್ಟಿಫಿಕೇಟು" ಎಂದು ಉಳಿಯಕ್ಕ ನಗುತ್ತಾರೆ.

ಒಳ್ಳೆಯ ದಿನವಾದರೆ ಮೂರು ಅಕ್ಷರ. ಕಲ್ಲು ಹಟ ಹಿಡಿದ ದಿನ ಒಂದೂ ಮುಗಿಯುವುದಿಲ್ಲ. ನಮ್ಮ ಲಿಪಿಯ ಗುಂಡು ಅಕ್ಷರಗಳು ಕಲ್ಲಿಗೆ ಒಗ್ಗುವುದು ಕಷ್ಟ. ನೇರ ಗೆರೆಯನ್ನು ಕಣ್ಣುಮುಚ್ಚಿ ಹೊಡೆಯಬಹುದು, ಬಳಸು ಬಂದಲ್ಲಿ ಉಸಿರು ಹಿಡಿಯಬೇಕು. ಇತ್ತೀಚೆಗೆ ಕಂಪ್ಯೂಟರ್ ಯಂತ್ರಗಳು ಬಂದು ಅರ್ಧಕ್ಕರ್ಧ ಕೆಲಸ ಅತ್ತ ಹೋಗಿದೆ. ಅದರ ಬಗ್ಗೆ ಅವರಿಗೆ ಗೊಣಗಾಟವಿಲ್ಲ. ಅಡಿಗಲ್ಲಿನ ಸಮಾರಂಭಗಳಿರುವವರೆಗೆ ತಮ್ಮ ಹೊಟ್ಟೆಗೆ ತೊಂದರೆಯಿಲ್ಲ ಎನ್ನುತ್ತಾರೆ. "ದೊಡ್ಡೋರು ಬಂದು ಅಡಿಗಲ್ಲು ಇಟ್ಟು ಹೋಗ್ತಾರೆ. ಎಷ್ಟೋ ಕಡೆ ಕಟ್ಟಡ ಏಳಲೇ ಇಲ್ಲ. ನನ್ನ ಕಲ್ಲು ಮಾತ್ರ ಹುಲ್ಲಿನ ಮಧ್ಯೆ ನಿಂತಿದೆ, ಪಾಪ, ಯಾರನ್ನೋ ಕಾಯ್ಕೊಂಡು."

ಈಗ ಅವರ ಮುಂದಿರುವ ಕಲ್ಲು ಅಂಥದ್ದಲ್ಲ. ಇದು ಊರ ನಡುವಿನ ಉದ್ಯಾನದ ಹೆಸರಿನ ಕಲ್ಲು. ಎಡಗೋಡೆಯಲ್ಲಿ ಕೂತು ಗೇಟಿನ ಕಮಾನಿನ ಭಾರ ಹೊತ್ತಿರುವ ಒಂದೇ ಉದ್ದನೆಯ ಕಗ್ಗಲ್ಲು. ಮೊನ್ನೆಮೊನ್ನೆಯವರೆಗೆ ಅದರ ಮೇಲಿನ ಸಾಲಿನಲ್ಲಿ 'ಜನರಲ್ ಸಾಹೇಬರ' ಎಂದೂ, ಕೆಳಗಿನ ಸಾಲಿನಲ್ಲಿ 'ಉದ್ಯಾನ' ಎಂದೂ ಇತ್ತು. ಜನರ ಬಾಯಲ್ಲಿ ಅದು ಜನರಲ್ ಪಾರ್ಕು. ರೈಲಿನ ಜನರಲ್ ಬೋಗಿ, ಆಸ್ಪತ್ರೆಯ ಜನರಲ್ ವಾರ್ಡು ಇದ್ದ ಹಾಗೆ ಇದು ಎಲ್ಲರಿಗೂ ಸೇರಿದ ಜನರಲ್ ಪಾರ್ಕು ಎಂದೇ ಬಹಳ ಮಂದಿ ತಿಳಿದಿದ್ದರು. ಅಲ್ಲಿ ಜನರಲ್ ಎಂಬ ಒಬ್ಬ ದಂಡನಾಯಕ ಇದ್ದ, ತನ್ನ ಸೈನ್ಯದ ಕವಾಯತಿಗಾಗಿ ಆ ಬಯಲಿನಲ್ಲಿದ್ದ ಗುಡಿಸಲುಗಳನ್ನೆಲ್ಲ ಒಂದೇ ವಾರದಲ್ಲಿ ಎತ್ತಿಸಿದ ಎಂಬುದು ಸುತ್ತಲ ಗಲ್ಲಿಗಳ ಹಳಬರಿಗೆ ಮಾತ್ರ ನೆನಪಿತ್ತು.

ಆ ಹಳಬರಿಗೆ ಇನ್ನೊಬ್ಬರ ನೆನಪೂ ಇತ್ತು. ಗುಡಿಸಲುಗಳು ಇನ್ನೂ ಇದ್ದ ಕಾಲದಲ್ಲಿ ಬಯಲಿನ ಅಂಚಿನ ಸ್ನಾನದ ಮನೆಯಲ್ಲಿ ನೀರು ಕಾಯಿಸುವ ಹೆಂಗಸೊಬ್ಬಳಿದ್ದಳು. ಒಂದು ಬೇಸಗೆಯಲ್ಲಿ ವಾಂತಿಭೇದಿ ಬಂದು, ದಿನ ಬೆಳಗಾದರೆ ಒಂದಲ್ಲ ಒಂದು ಮನೆಯಿಂದ ಹೆಣ ಏಳುತ್ತಿತ್ತು. ಆಕೆ ಸ್ನಾನದ ಮನೆಯ ಹಂಡೆಗಳನ್ನೆಲ್ಲ ಉರುಳಿಸಿಕೊಂಡು ಬಂದು ಬಾವಿಯ ಪಕ್ಕ ಒಲೆ ಹೂಡಿದಳು. ಕುದಿಸದ ನೀರನ್ನು ಯಾರೂ ಕೊಂಡೊಯ್ಯಕೂಡದು ಎಂದು ಕೋಲು ಹಿಡಿದು ನಿಂತಳು. ಜನ ಬೈದರು, ಹುಚ್ಚಿ ಎಂದರು, ಮಕ್ಕಳು 'ಬಿಸಿನೀರಮ್ಮ, ಬಿಸಿನೀರಮ್ಮ' ಎಂದು ಹಿಂದೆ ಬಿದ್ದು ಅಣಕಿಸಿದರು. ಮಳೆ ಬರುವ ಹೊತ್ತಿಗೆ ಉಳಿದ ಊರಿನಲ್ಲಿ ರೋಗ ಇನ್ನೂ ಇತ್ತು, ಆ ಬಯಲಿನಲ್ಲಿ ಇರಲಿಲ್ಲ. ಅಣಕದ ಹೆಸರೇ ಆಕೆಗೆ ಕಾಯಂ ಆಯಿತು. ಹೆತ್ತವರು ಇಟ್ಟ ಹೆಸರು ಯಾರಿಗೂ ಗೊತ್ತಿಲ್ಲ. ಬಾವಿ ಈಗಲೂ ಉದ್ಯಾನದೊಳಗೆ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ.

ಉದ್ಯಾನಕ್ಕೆ ಆಕೆಯ ಹೆಸರಿಡಬೇಕೆಂದು ಹಟ ಹಿಡಿದವರು ಪಕ್ಕದ ಗಲ್ಲಿಯ ಆರೋಗ್ಯ ಕೇಂದ್ರದ ನರ್ಸಮ್ಮ. ಚುಚ್ಚುಮದ್ದಿಗೆ ಬಂದ ತಾಯಂದಿರಿಗೆಲ್ಲ ಈ ಕತೆ ಹೇಳಿ, ಅವರನ್ನೆಲ್ಲ ನಗರಸಭೆಯ ಮೆಟ್ಟಿಲ ಮೇಲೆ ಕೂರಿಸಿದರು. ಮೊದಮೊದಲು ಸದಸ್ಯರು ನಕ್ಕರಂತೆ. ಉದ್ಯಾನಕ್ಕೆ ಬಿಸಿನೀರು ಎಂದು ಹೆಸರಿಟ್ಟರೆ ಜನ ಟವೆಲು ಹಿಡಿದು ಬಂದಾರು ಎಂದು ಒಬ್ಬರು ಚಟಾಕಿ ಹಾರಿಸಿದರು. ನರ್ಸಮ್ಮ ಬಿಡಲಿಲ್ಲ. ಮೂರು ವರ್ಷದ ಓಡಾಟದ ನಂತರ ನಗರಸಭೆ ಒಪ್ಪಿತು. ಕಲ್ಲನ್ನು ಕಿತ್ತರೆ ಕಮಾನು ಬೀಳುತ್ತದೆ, ಆದ್ದರಿಂದ ಇದ್ದಲ್ಲೇ ಹಳೆಯ ಹೆಸರು ತೆಗೆದು ಹೊಸ ಹೆಸರು ಕೆತ್ತಬೇಕು ಎಂದು ತೀರ್ಮಾನವಾಯಿತು. ನಗರಸಭೆಯ ಎಂಜಿನಿಯರು ನೇರವಾಗಿ ಉಳಿಯಕ್ಕನ ಶೆಡ್ಡಿಗೆ ಬಂದರು.

ನಾಳೆ ಹೇಳುತ್ತೇನೆ ಎಂದು ಉಳಿಯಕ್ಕ ಅವರನ್ನು ಕಳಿಸಿದರು. ಆ ಕಲ್ಲಿನ ಮೇಲೆ ಜನರಲ್ಲನ ಹೆಸರು ಕೆತ್ತಿದ್ದವರು ಅವರ ಅಪ್ಪ.

ಅದು ಅಪ್ಪನ ಬದುಕಿನ ದೊಡ್ಡ ಕೆಲಸ. ಕೈ ಗಟ್ಟಿಯಾಗಿದ್ದ ಕಾಲದಲ್ಲಿ, ಹತ್ತಾರು ಜನರ ನಡುವೆ ಆರಿಸಿ ಅವರಿಗೆ ಕೊಟ್ಟದ್ದು. ಉದ್ಘಾಟನೆಯ ದಿನ ಕೆಲಸಗಾರರಿಗೆ ಒಳಗೆ ಪ್ರವೇಶವಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತು ನೋಡಿದರು. ಮಾರನೆಯ ದಿನ ಜನವೆಲ್ಲ ಹೋದ ಮೇಲೆ ಮಗಳನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಅವಳ ಬೆರಳು ಹಿಡಿದು 'ಜ' ಅಕ್ಷರದೊಳಗೆ ಆಡಿಸಿದರು. ಉಳಿಯಕ್ಕ ಓದಲು ಕಲಿತದ್ದು ಹಾಗೆ. ಅ, ಆ ಬರುವುದಕ್ಕೆ ಮೊದಲು ಅವರಿಗೆ ಜ ಬಂತು.

ಎಂಜಿನಿಯರು ಬಂದುಹೋದ ದಿನ ಊಟಕ್ಕೆ ಕೂತಾಗ ಉಳಿಯಕ್ಕ ವಿಷಯ ತೆಗೆದರು. ಬೇರೆಯವರಿಗೆ ಹೋಗುವ ಬದಲು ನಾನೇ ಮಾಡುತ್ತೇನೆ ಎಂದರು. ಅಪ್ಪ ಉಂಡು ಮುಗಿಸಿದರು, ಕೈ ತೊಳೆದರು, ಗೋಡೆಯತ್ತ ಮುಖ ಮಾಡಿ ಮಲಗಿದರು. ಅಂದಿನಿಂದ ಮಾತು ಬಂದ್. ನೀರು ಬೇಕಾದರೆ ಅಳಿಯನನ್ನು ಕೇಳುತ್ತಿದ್ದರು. ಅಳಿಯ ಮನೆಯಲ್ಲಿಲ್ಲದಿದ್ದರೆ ಬಾಯಾರಿಕೆಯನ್ನೇ ಸಹಿಸಿಕೊಂಡು ಕೂರುತ್ತಿದ್ದರು.

"ಬೈದಿದ್ರೆ ಪರವಾಗಿರಲಿಲ್ಲ. ಬೈಗುಳ ಕೇಳಿಸ್ಕೊಂಡು ಬೆಳೆದೋಳು ನಾನು. ಆ ಬೆನ್ನು ನೋಡ್ಕೊಂಡು ಅಡುಗೆ ಮಾಡೋದಿದೆಯಲ್ಲ, ಅದು ಕಷ್ಟ" ಎನ್ನುತ್ತಾರೆ ಉಳಿಯಕ್ಕ.

ಹಳೆಯ ಹೆಸರು ತೆಗೆಯುವುದು ಅಳಿಸುವುದಲ್ಲ. ಅಕ್ಷರ ಎಷ್ಟು ಆಳವಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಕಲ್ಲನ್ನೆಲ್ಲ ಇಳಿಸಬೇಕು. ಮೊದಲ ದಿನದ ಕೆಲಸ ಮುಗಿಸಿ ಅವರು ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕೂತಿದ್ದರು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟರು.

"ಯಾವ ಅಕ್ಷರ ಮೊದಲು ತೆಗೆದೆ?"

"ಕೊನೇದು, ಅಪ್ಪ."

ಅಪ್ಪ ಬಾಗಿಲು ಹಿಡಿದು ಎದ್ದರು. "ಸರಿ. ಮೊದಲನೇದು ತೆಗೆದಿದ್ರೆ ತಲೆ ಕಡಿದ ಹಾಗಾಗ್ತಿತ್ತು" ಎಂದು ಒಳಗೆ ಹೋದರು. ಮತ್ತೆ ಮೌನ. ಒಂದೊಂದೇ ಅಕ್ಷರ ಹಿಂದಿನಿಂದ ಮುಂದಕ್ಕೆ ಹೋಗುತ್ತಾ ಕೊನೆಗೆ 'ಜ' ಒಂದೇ ಉಳಿದ ದಿನ ಉಳಿಯಕ್ಕ ಅರ್ಧ ದಿನ ಕೆಲಸ ಮಾಡದೆ ಕೂತಿದ್ದರಂತೆ. ಆಮೇಲೆ ಅದನ್ನೂ ತೆಗೆದರು.

ಆದರೆ ಕೆಳಗಿನ ಸಾಲನ್ನು ಅವರು ಮುಟ್ಟಲಿಲ್ಲ. ಜನರಲ್ ಇದ್ದರೂ ಅದು ಉದ್ಯಾನ, ಬಿಸಿನೀರಮ್ಮ ಬಂದರೂ ಅದು ಉದ್ಯಾನವೇ. ಮೇಲಿನ ಸಾಲನ್ನಷ್ಟೇ ಚೌಕಟ್ಟಿನಂತೆ ಒಳಕ್ಕೆ ಇಳಿಸಿ, ಅದರೊಳಗೆ ಹೊಸ ಹೆಸರು ಕೂರಿಸಿ, ಅಪ್ಪನ 'ಉದ್ಯಾನ'ವನ್ನು ಹಾಗೇ ಉಳಿಸಿಕೊಳ್ಳಬಹುದೇ ಎಂದು ಎಂಜಿನಿಯರನ್ನು ಕೇಳಿದರು. ನೋಡಲು ಚೆನ್ನಾಗಿದ್ದರೆ ಸಾಕು ಎಂದರು ಅವರು. ಕೇಳುವಷ್ಟು ಸುಲಭವಾಗಿರಲಿಲ್ಲ ಮಾಡುವುದು. ಅಪ್ಪನ ಅಕ್ಷರ ದುಂಡಗೆ, ತುಂಬಿಕೊಂಡಿರುವಂಥದ್ದು. ಮಗಳದು ಸ್ವಲ್ಪ ಸಪೂರ. ಎರಡೂ ಒಂದೇ ಕಲ್ಲಿನಲ್ಲಿ ಕೂರಬೇಕೆಂದರೆ ಮಗಳು ಅಪ್ಪನ ಕೈ ಕಲಿಯಬೇಕು. ಶೆಡ್ಡಿನಲ್ಲಿ ಹಳೆಯ ಚಪ್ಪಡಿಗಳ ಮೇಲೆ ಅದೆಷ್ಟು ಬಾರಿ 'ಬಿಸಿನೀರಮ್ಮ' ಎಂದು ಕೆತ್ತಿ ಒಡೆದು ಹಾಕಿದರೋ ಲೆಕ್ಕವಿಲ್ಲ. 'ಉದ್ಯಾನ' ಉಳಿಯುತ್ತದೆಂಬ ಸುದ್ದಿಯನ್ನು ಅಪ್ಪನಿಗೆ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಅವರು ನುಂಗಿಕೊಂಡರು. ಸಮಾಧಾನ ಮಾಡಲು ಹೇಳಿದಂತೆ ಆದೀತು ಎಂಬ ಸಂಕೋಚ. ಎಲ್ಲವೂ ಹೋಯಿತು ಎಂದೇ ಅಪ್ಪ ತಿಳಿದಿದ್ದರು.

ಇತ್ತ ಗೇಟಿನ ಬಳಿ ದಿನವೂ ಇನ್ನೊಂದು ಪರೀಕ್ಷೆ. ಬೆಳಗಿನ ವಾಯುವಿಹಾರಕ್ಕೆ ಬರುವವರಲ್ಲಿ ಒಬ್ಬರು ನಿವೃತ್ತ ಅಧಿಕಾರಿ. ಕೈಯಲ್ಲಿ ಸದಾ ಬೆತ್ತ ಇರುವುದರಿಂದ ಗೇಟಿನ ಕಾವಲುಗಾರ ಅವರಿಗೆ ಇಟ್ಟ ಹೆಸರು 'ಬೆತ್ತದ ಸಾಹೇಬರು'. ಅವರು ಪ್ರತಿದಿನ ಉಳಿಯಕ್ಕನ ಬೆನ್ನ ಹಿಂದೆ ನಿಂತು ಭಾಷಣ ಮಾಡುವರು. ಇಷ್ಟು ವರ್ಷ ಇದ್ದ ಹೆಸರನ್ನು ಕೆರೆದು ಹಾಕುವುದು ಇತಿಹಾಸಕ್ಕೆ ಮಾಡುವ ಅವಮಾನ, ನಾಳೆ ಇನ್ನೊಬ್ಬರು ಬಂದು ಇನ್ನೊಂದು ಹೆಸರು ಇಡುತ್ತಾರೆ, ಇದಕ್ಕೆ ಕೊನೆಯೆಲ್ಲಿ ಎನ್ನುವರು. ಉಳಿಯಕ್ಕ ಒಂದೇ ಒಂದು ದಿನ ಉತ್ತರ ಕೊಟ್ಟರು. "ಹಳೇ ಹೆಸರು ನಮ್ಮಪ್ಪನದೇ ಕೆಲಸ, ಸಾಹೇಬ್ರೇ. ಅದು ಹೋಗೋದು ನಿಮಗಿಂತ ನನಗೇ ಹೆಚ್ಚು ಉರಿಯುತ್ತೆ. ಆದ್ರೂ ಆ ಹೆಂಗಸು ಇಷ್ಟು ದಿನ ಕಾದಿದ್ದಾಳೆ." ಸಾಹೇಬರು ಬೆತ್ತ ನೆಲಕ್ಕೆ ಕುಟ್ಟಿ ಮುಂದೆ ಹೋದರು, ಮರುದಿನ ಮತ್ತೆ ಬಂದರು.

ಹೊಸ ಹೆಸರಿನ ಕೊನೆಯ ಅಕ್ಷರವೂ ಮುಗಿದು, ನುಣುಪು ಮಾಡುವುದಷ್ಟೇ ಬಾಕಿ ಇತ್ತು. ಅಂದು ಬೆಳಿಗ್ಗೆ ಬಂದು ನೋಡಿದರೆ ಕಲ್ಲು ಕಲ್ಲಾಗಿರಲಿಲ್ಲ. ಯಾರೋ ಡಾಂಬರು ಸುರಿದು, ಪೊರಕೆಯಲ್ಲಿ ಗುಡಿಸಿದ ಹಾಗೆ ಉದ್ದಕ್ಕೂ ಬಳಿದಿದ್ದರು. ಹೊಸ ಅಕ್ಷರ, ಹಳೆಯ ಅಕ್ಷರ, ಎಲ್ಲದರೊಳಗೂ ಕಪ್ಪು ತುಂಬಿ ಕಟ್ಟಿಕೊಂಡಿತ್ತು. ಉಳಿಯಕ್ಕ ಸ್ಟೂಲಿನ ಮೇಲೆ ಕೂತರು. ಪೊಲೀಸರು ಬಂದು ನೋಡಿ ಹೋದರು. ಮಾಡಿದವರು ಯಾರೆಂದು ಇಂದಿಗೂ ಗೊತ್ತಿಲ್ಲ.

ಸುದ್ದಿಯನ್ನು ಮನೆಗೆ ಮುಟ್ಟಿಸಿದವರು ಗಂಡ. ಮಾವ ಕೇಳಿದ್ದು ಒಂದೇ, ಆಟೋ ಖಾಲಿ ಇದೆಯಾ ಎಂದು. ಕಲ್ಲುಗಳನ್ನು ಸಾಗಿಸುವ ಆಟೋದ ಹಿಂಬದಿಯಲ್ಲಿ, ಕುರ್ಚಿಯ ಸಮೇತ, ಮುದುಕರು ಬಂದಿಳಿದರು. ಕಲ್ಲಿನ ಹತ್ತಿರ ಹೋಗಿ ನಿಂತರು. ಮೇಲಿನ ಸಾಲನ್ನು ನೋಡಿದರು. ಕೆಳಗಿನ ಸಾಲಿಗೆ ಕಣ್ಣು ಬಂದಾಗ ಅಲ್ಲೇ ನಿಂತುಬಿಟ್ಟಿತು. ಡಾಂಬರಿನಡಿಯಲ್ಲೂ ತಮ್ಮ ಕೈ ತಮಗೆ ಗುರುತು ಸಿಗದೆ ಇದ್ದೀತೇ. ನಡುಗುವ ಬೆರಳನ್ನು 'ಉ' ಅಕ್ಷರದ ಮೇಲಿಟ್ಟರು, ಬೆರಳು ಕಪ್ಪಾಯಿತು.

"ಇದನ್ನ ಯಾಕೆ ತೆಗೀಲಿಲ್ಲ?" ಎಂದು ಮಗಳನ್ನು ಕೇಳಿದರು.

"ತೆಗೆಯೋ ಅಗತ್ಯ ಇರಲಿಲ್ಲ, ಅಪ್ಪ."

ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ನೀವು ಕೆತ್ತಿದ್ದನ್ನು ನಿಮ್ಮ ಮಗಳೇ ಅಳಿಸಿದಳಲ್ಲ, ಇದು ಅದಕ್ಕಿಂತ ಹೆಚ್ಚೇ ಎಂದು ಯಾರೋ ಗುಂಪಿನಿಂದ ಕೊಂಕು ನುಡಿದರು. ಮುದುಕರು ತಿರುಗಿದರು. ಉಸಿರು ಕಟ್ಟುತ್ತಿದ್ದರೂ ಒಂದೊಂದೇ ಮಾತು ಬಿಡಿಸಿ ಹೇಳಿದರು: "ನನ್ನ ಮಗಳು ತೆಗೆದಿದ್ದು ಹಗಲಲ್ಲಿ, ನಿಮ್ಮೆಲ್ಲರ ಕಣ್ಮುಂದೆ, ನನಗೆ ಹೇಳಿ. ಅಕ್ಷರಕ್ಕೆ ಮರ್ಯಾದೆ ಕೊಟ್ಟು ತೆಗೆದ್ಲು. ಈ ಮಸಿ ಬಳಿದೋನು ಕತ್ತಲಲ್ಲಿ ಬಂದ. ಎರಡೂ ಒಂದೇ ಅಂತ ಇನ್ನೊಂದ್ಸಲ ಹೇಳಬೇಡಿ." ಉಳಿಯಕ್ಕ ಅಂದು ಅತ್ತದ್ದು ಡಾಂಬರಿಗಲ್ಲ, ಆ ಮಾತಿಗೆ.

ಡಾಂಬರು ಬಿಡಿಸಲು ಸೀಮೆಎಣ್ಣೆ ಬೇಕು, ಅದಕ್ಕಿಂತ ಹೆಚ್ಚಾಗಿ ಕುದಿಯುವ ನೀರು ಬೇಕು, ಅದೂ ಒಂದರ ಹಿಂದೊಂದು, ಕಲ್ಲು ಆರದಂತೆ. ನರ್ಸಮ್ಮ ಗಲ್ಲಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಮೊದಲ ಪಾತ್ರೆ ಬಂತು. ಆಮೇಲೆ ಬಾಗಿಲು ಬಾಗಿಲಿನಿಂದ ಬಂದವು. ಪಾತ್ರೆ, ಕೆಟಲ್ಲು, ಬಕೆಟ್ಟು, ಬಟ್ಟೆ ಸುತ್ತಿದ ಕೊಳಗ. ಎರಡು ಹೆಂಗಸರು ಒಂದೊಂದು ಕಿವಿ ಹಿಡಿದು ತಂದ ಹಂಡೆಯಿಂದ ಬೀದಿಯುದ್ದಕ್ಕೂ ಹಬೆ ಏಳುತ್ತಿತ್ತು. ಯಾವ ಮನೆಯ ಒಲೆಯೂ ಅಂದು ಮಧ್ಯಾಹ್ನದವರೆಗೆ ಬೇರೆ ಕೆಲಸಕ್ಕೆ ಸಿಗಲಿಲ್ಲ. ಏನು ಮಾಡುತ್ತಿದ್ದೇವೆಂದು ಅವರಿಗೆ ತಟ್ಟನೆ ಹೊಳೆದದ್ದು ನರ್ಸಮ್ಮ ನಗತೊಡಗಿದಾಗ. ಬಿಸಿನೀರಮ್ಮನ ಹೆಸರು ತೊಳೆಯಲು ಊರೆಲ್ಲ ಬಿಸಿನೀರು ಹೊತ್ತು ಬಂದಿತ್ತು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿ, ಸಾಲಿನ ಕೊನೆಯವರೆಗೂ ಹೋಯಿತು.

ಆ ಸಾಲಿನಲ್ಲಿ ಬೆತ್ತದ ಸಾಹೇಬರೂ ನಿಂತಿದ್ದರು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಫ್ಲಾಸ್ಕು. ಸರದಿ ಬಂದಾಗ ಮುಚ್ಚಳ ತೆಗೆದು ಉಳಿಯಕ್ಕನ ಕೈಗೆ ಕೊಟ್ಟು, "ಹೆಸರಿಗೆ ನನ್ನ ವಿರೋಧ ಹಾಗೇ ಇದೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದರು. ಉಳಿಯಕ್ಕ ಆ ನೀರನ್ನೂ ಸುರಿದರು. ಕೆಳಗಿನ ಸಾಲು ಮೊದಲು ಬಿಟ್ಟುಕೊಂಡಿತು. ಹಬೆಯೊಳಗಿಂದ ಅಪ್ಪನ 'ಉದ್ಯಾನ' ಒಂದೊಂದೇ ಅಕ್ಷರವಾಗಿ ಹೊರಗೆ ಬಂತು.

ಮೇಲ್ಮೈಯ ಕಪ್ಪು ಹೋದರೂ ಅಕ್ಷರಗಳ ತಳದ ಕಪ್ಪು ಹೋಗಲಿಲ್ಲ. ಉಳಿದದ್ದು ಒಂದೇ ದಾರಿ, ಎಲ್ಲ ಅಕ್ಷರಗಳನ್ನೂ ಇನ್ನೂ ಆಳಕ್ಕೆ ಕೊರೆಯುವುದು. ತಮ್ಮವಕ್ಕೆ ಉಳಿ ಹಾಕಲು ಉಳಿಯಕ್ಕನಿಗೆ ಅಡ್ಡಿಯಿರಲಿಲ್ಲ. ಅಪ್ಪನದರ ಮೇಲೆ ಹಾಕಲು ಕೈ ಬರಲಿಲ್ಲ. "ನನ್ನದರ ಮೇಲೂ ಆಡಿಸು. ನಾನು ಹೋದ ದಾರೀಲೇ ಹೋಗು, ಇನ್ನೊಂದಿಷ್ಟು ಕೆಳಗೆ ಹೋಗು" ಎಂದು ಅಪ್ಪನೇ ಹೇಳಿದರು. ಕುಲುಮೆ ಹೊತ್ತಿಸಿ ಕೂತದ್ದು ಅಂದಿನಿಂದಲೇ. ಬೇಡ, ಹೊಗೆ ಎದೆಗೆ ಆಗದು ಎಂದು ನರ್ಸಮ್ಮ ಗದರಿದರೆ, ಮನೆಯಲ್ಲಿ ಗೋಡೆ ನೋಡಿಕೊಂಡು ಮಲಗಿದರೂ ಕೆಮ್ಮು ಬರುತ್ತದೆ, ಇಲ್ಲಿ ಕೆಮ್ಮಿದರೆ ಕೆಲಸವಾದರೂ ಆಗುತ್ತದೆ ಎಂಬ ಉತ್ತರ ಸಿದ್ಧವಿತ್ತು.

ಹಾಗಾಗಿಯೇ ಈ ಬೆಳಿಗ್ಗೆ 'ದ್ಯಾ' ಅಕ್ಷರದ ಬಾಲದಲ್ಲಿ ಮಗಳ ಉಳಿ ಅಪ್ಪನ ಗೆರೆ ಹಿಡಿದು ಸಾಗುತ್ತಿದೆ. ಬಿಸಿಲು ಏರುವ ಮೊದಲೇ ಆ ಬಾಲ ಮುಗಿಯುತ್ತದೆ. ಉಳಿಯಕ್ಕ ಊದಿ ಪುಡಿ ಹಾರಿಸಿ, ಹಿಂದಕ್ಕೆ ಬಾಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಇನ್ನು 'ನ' ಒಂದೇ ಬಾಕಿ.

ಅದಾದ ಐದನೇ ದಿನ ಸಮಾರಂಭ. ನಗರಸಭೆಯ ಅಧ್ಯಕ್ಷರು ಬರುತ್ತಾರೆ, ಮೈಕು ಕಿರುಚುತ್ತದೆ, ಭಾಷಣಗಳು ಆಗುತ್ತವೆ. ಭಾಷಣದಲ್ಲಿ ಕೆತ್ತಿದವರ ಪ್ರಸ್ತಾಪವಿಲ್ಲ, ಅದನ್ನು ಯಾರೂ ನಿರೀಕ್ಷಿಸಿಯೂ ಇರಲಿಲ್ಲ. ಆದರೆ ಗಲ್ಲಿಯ ಹೆಂಗಸರು ಬೆಳಿಗ್ಗೆಯೇ ಬಂದು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿದ್ದಾರೆ. ಇವು ಯಾರಿಗೆ ಎಂದು ಕೇಳಿದ ಸಂಘಟಕರಿಗೆ ನರ್ಸಮ್ಮ ಕೊಟ್ಟ ನೋಟಕ್ಕೆ ಅವರು ಬೇರೆ ಕುರ್ಚಿ ಎಣಿಸಲು ಹೋಗಿದ್ದಾರೆ. ಉಳಿಯಕ್ಕ ಒಂದರಲ್ಲಿ, ಅಪ್ಪ ಇನ್ನೊಂದರಲ್ಲಿ ಕೂರುತ್ತಾರೆ. ಒಗೆದು ಇಸ್ತ್ರಿ ಮಾಡಿದ ಅಂಗಿ ಅಪ್ಪನಿಗೆ ಎರಡು ಅಳತೆ ದೊಡ್ಡದಾಗಿದೆ. ಪರದೆ ಸರಿದಾಗ ಚಪ್ಪಾಳೆಗಿಂತ ಮೊದಲು ಕೇಳಿಸುವುದು ಓದುವ ಸದ್ದು. ಹಿಂದಿನ ಸಾಲುಗಳಿಂದ ಹೆಂಗಸರು, ಮಕ್ಕಳು ಒಟ್ಟಿಗೆ ಜೋರಾಗಿ ಓದುತ್ತಾರೆ: ಬಿಸಿನೀರಮ್ಮ ಉದ್ಯಾನ. ಬೆತ್ತದ ಸಾಹೇಬರು ಓದುವುದಿಲ್ಲ. ಆದರೆ ಬಂದಿದ್ದಾರೆ.

ಜನ ಚದುರಿದ ಮೇಲೆ ಅಪ್ಪ ಕಲ್ಲಿನ ಬಳಿ ಹೋಗಿ ಮೇಲಿನ ಸಾಲಿನಲ್ಲಿ ಬೆರಳಾಡಿಸುತ್ತಾರೆ. 'ಮ್ಮ' ಅಕ್ಷರದ ಹತ್ತಿರ ನಿಲ್ಲುತ್ತಾರೆ. "ಒತ್ತು ಒಂದು ಕೂದಲೆಳೆ ಎಡಕ್ಕೆ ಬಂದಿದೆ" ಎಂದು ಗೊಣಗುತ್ತಾರೆ. ಉಳಿಯಕ್ಕನ ಗಂಡ ಹತ್ತಿರ ಬಾಗಿ ನೋಡಿ, ನನಗೇನೂ ಕಾಣುವುದಿಲ್ಲವಲ್ಲ ಮಾವ ಎನ್ನುತ್ತಾರೆ. ಉಳಿಯಕ್ಕನಿಗೆ ನಗು ತಡೆಯಲಾಗುವುದಿಲ್ಲ. ಇಡೀ ಸಾಲು ತಡಕಿ ಅಷ್ಟೇ ಸಿಕ್ಕಿತೆಂದರೆ ಅಪ್ಪನಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ ಎಂಬುದು ಅವರಿಗೆ ಗೊತ್ತು.

ಕಲ್ಲಿನ ಮೂಲೆಯಲ್ಲಿ ತಮ್ಮ ಹೆಸರನ್ನೂ ಸಣ್ಣದಾಗಿ ಕೆತ್ತಬಹುದಿತ್ತಲ್ಲ ಎಂದರೆ ಉಳಿಯಕ್ಕ ತಲೆಯಾಡಿಸುತ್ತಾರೆ. ಹೆಸರು ಕೆತ್ತುವವರು ಹೆಸರಿಗೆ ಆಸೆ ಪಟ್ಟರೆ ಕಲ್ಲಿನಲ್ಲಿ ಜಾಗ ಸಾಲುವುದಿಲ್ಲ ಎನ್ನುತ್ತಾರೆ. ಅವರಿಗೆ ಆಸೆಯಿರುವುದು ಬೇರೆಯದಕ್ಕೆ. ಶೆಡ್ಡಿನ ತಗಡು ಬದಲಿಸಬೇಕು, ಅಪ್ಪನಿಗೆ ಎದೆ ತುಂಬ ಗಾಳಿ ಸಿಗುವಂತೆ ಇನ್ನೊಂದು ಕಿಟಕಿ ಇಡಿಸಬೇಕು. ಗಲ್ಲಿಯ ಇಬ್ಬರು ಹುಡುಗಿಯರು ಕಸುಬು ಕಲಿಯಲು ಕೇಳಿದ್ದಾರೆ, ಅವರಿಗೆ ಬರೀ ಬಣ್ಣ ತುಂಬುವ ಕೆಲಸ ಕೊಡದೆ ಮೊದಲ ದಿನವೇ ಕೈಗೆ ಸುತ್ತಿಗೆ ಕೊಡಬೇಕು.

ಇಷ್ಟೆಲ್ಲ ಆದ ಮೇಲೆ, ಮುಂದೊಂದು ದಿನ ಈ ಹೆಸರನ್ನೂ ಬದಲಿಸಿದರೆ? ಉಳಿಯಕ್ಕ ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಕಲ್ಲಿನ ಕಡೆ ನೋಡುತ್ತಾರೆ.

"ಬದಲಾಯಿಸ್ಲಿ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ತೆಗೆಯೋಕೆ ಬಂದೋರ ಕೈ ಚೆನ್ನಾಗಿ ನೋಯುತ್ತೆ. ಅಷ್ಟು ಆಳ ಕೊರೆದಿದ್ದೀನಿ."